ಢೋಬಳೆಯವರ ಸುಟ್ಟ ಸಾಕೆಟ್ಟು

ಮುರಲೀಧರ ಢೋಬಳೆಯವರಿಗೆ ಆ ಭಾನುವಾರ ಬೆಳಿಗ್ಗೆ ಮೊದಲು ಅನುಮಾನ ಬಂದದ್ದು ಹೆಂಡತಿಯ ಒಗ್ಗರಣೆ ಅವಲಕ್ಕಿಯ ಮೇಲೆ.

“ಕುಂದಾ, ಪೋಹೆ ತಳಾ ಹಿಡದದ ನೋಡು!” ಎಂದು ಹಾಲ್‌ನಿಂದಲೇ ಕೂಗಿದರು.

“ಇನ್ನೂ ಉಳ್ಳಾಗಡ್ಡಿ ಹೆಚ್ಚಲಿಕ್ಕೆ ಹತ್ತೀನಿ. ಒಲೀನ ಹಚ್ಚಿಲ್ಲ, ತಳಾ ಎಲ್ಲಿಂದ ಹಿಡೀಬೇಕು?” ಎಂದು ಒಳಗಿನಿಂದ ಉತ್ತರ ಬಂತು.

ಢೋಬಳೆ ಕೈಯಲ್ಲಿದ್ದ ಪತ್ರಿಕೆ ಮಡಚಿ ಮೂಗು ಮೇಲೆತ್ತಿದರು. ಇಪ್ಪತ್ತಾರು ವರ್ಷದಿಂದ ಒಂದು ಮರಾಠಿ ದಿನಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಅವರದು. ಭಾನುವಾರ ಅವರಿಗೆ ರಜೆ, ಅವರ ಕಣ್ಣಿಗೆ ಇಲ್ಲ. ಹೋಟೆಲಿನ ತಿಂಡಿಯ ಪಟ್ಟಿ, ಬಸ್ಸಿನ ಫಲಕ, ಚೌಕದಲ್ಲಿ ತೂಗುವ ಶ್ರದ್ಧಾಂಜಲಿಯ ಬ್ಯಾನರು, ಎಲ್ಲಿ ನೋಡಿದರೂ ತಪ್ಪು ಕಾಣುತ್ತಿತ್ತು. ಕಂಡದ್ದನ್ನು ತಿದ್ದದೆ ಮುಂದೆ ಹೋಗುವುದು ಅವರಿಂದ ಆಗುತ್ತಿರಲಿಲ್ಲ. ಈಗ ಮೂಗಿಗೂ ಅದೇ ಚಾಳಿ ಹತ್ತಿತು. ಮೂಗು ಮುಂದೆ, ಢೋಬಳೆ ಹಿಂದೆ, ಹೀಗೆ ಹಾಲ್ ಎಲ್ಲ ಸುತ್ತಿ ಕೊನೆಗೆ ಆಯಿಯ ಮಂಚದ ಹತ್ತಿರ ಬಂದು ನಿಂತರು.

ಅವರ ತಾಯಿ, ಎಪ್ಪತ್ತೊಂಬತ್ತು ವರ್ಷದ ಆಯಿ, ಕೂಲರಿನ ಗಾಳಿಗೆ ಮುಖವೊಡ್ಡಿ ಸುಖವಾಗಿ ಮಲಗಿದ್ದಳು. ಅವಳ ತಲೆದಿಂಬಿನಿಂದ ಒಂದು ಗೇಣು ಮೇಲೆ, ಗೋಡೆಯಲ್ಲಿ ಸಾಕೆಟ್ಟು. ಬೆಳ್ಳಗಿದ್ದ ಅದರ ಅಂಚು ಕಾವಲಿಯ ಮೇಲೆ ಮರೆತ ಭಾಕರಿಯಂತೆ ಕಂದಿ ಕರ್ರಗಾಗಿತ್ತು. ಒಂದು ತೂತಂತೂ ಕರಗಿ, ಹಲ್ಲುದುರಿದ ಬಾಯಿಯ ಹಾಗೆ ಸೊಟ್ಟಗೆ ನಗುತ್ತಿತ್ತು.

ಆರು ಮನೆಗಳ ಆ ಹಳೆಯ ಕಟ್ಟಡ ಸುಖನಿವಾಸವನ್ನು ಕಟ್ಟಿದವರು ಹಾಲ್‌ಗೆ ಒಂದೇ ಸಾಕೆಟ್ಟು ಇಟ್ಟಿದ್ದರು. ಆ ಕಾಲದಲ್ಲಿ ಮನೆಗೊಂದು ರೇಡಿಯೋ ಇದ್ದರೆ ಅದೇ ದೊಡ್ಡದು. ಈಗ ಆ ಒಂದು ಸಾಕೆಟ್ಟಿಗೆ ಮೂರು ತೂತಿನ ಅಡಾಪ್ಟರು ಕಚ್ಚಿತ್ತು. ಅದಕ್ಕೆ ಕೂಲರು, ಫ್ರಿಜ್ಜು, ಮತ್ತೊಂದು ಅಡಾಪ್ಟರು. ಆ ಮತ್ತೊಂದಕ್ಕೆ ಟಿವಿ, ಮಿಕ್ಸರು, ಆಯಿಯ ಫೋನಿನ ಚಾರ್ಜರು. ದಹಿಹಂಡಿಯಲ್ಲಿ ಮೊಸರುಗಡಿಗೆ ಒಡೆಯುವ ಹುಡುಗರ ಗೋಪುರದಂತೆ ಒಂದರ ಹೆಗಲ ಮೇಲೊಂದು ನಿಂತು, ಕೆಳಗಿನವನ ಕಾಲು ನಡುಗುತ್ತಿತ್ತು.

ಇಷ್ಟು ಹೊರೆಗೆ ಫ್ಯೂಸ್ ಹೋಗಬೇಕಿತ್ತಲ್ಲ? ಹೋಗುತ್ತಿತ್ತು, ದಿನಕ್ಕೆರಡು ಸಲ. ಹೋದ ತಿಂಗಳು ಮೇಲಿನ ಮಹಡಿಯ ಪಾಚಪೋರ ಕಾಕಾ ಬಂದು ಅದಕ್ಕೊಂದು ದಪ್ಪ ತಂತಿ ಸುತ್ತಿ, “ಇನ್ನ ಈ ಜನ್ಮದಾಗ ಹೋಗಂಗಿಲ್ಲ” ಎಂದು ಚಹಾ ಕುಡಿದು ಹೋಗಿದ್ದರು. ಅಂದಿನಿಂದ ಫ್ಯೂಸ್ ಹೋಗಲಿಲ್ಲ. ಹೋಗಬೇಕಾದ ಬಿಸಿಯೆಲ್ಲ ಸಾಕೆಟ್ಟಿಗೆ ಬಂದು ಕೂತಿತ್ತು.

ಢೋಬಳೆ ದಡದಡನೆ ಮೆಟ್ಟಿಲಿಳಿದರು. ಕೆಳಗೆ ಮೆಟ್ಟಿಲಿನ ಅಡಿಯಲ್ಲಿ ಆರೂ ಮನೆಗಳ ಮೀಟರು ಸಾಲಾಗಿದ್ದವು. ತಮ್ಮ ಮನೆಯ ಮೇನ್ ಸ್ವಿಚ್ ಕೆಳಗೆಳೆದು, ಮೇಲೆ ಬಂದು ಘೋಷಿಸಿದರು.

“ಕೇಳ್ರಿ ಎಲ್ಲಾರೂ. ಈ ಸಾಕೆಟ್ಟು ಬದಲಾಗೋ ತನಕ ಯಾರೂ ಅದಕ್ಕ ಕೈ ಹಚ್ಚೂ ಹಂಗಿಲ್ಲ. ಇವತ್ತ ಬದಲ್ ಮಾಡಿಸ್ತೀನಿ. ಇವತ್ತ ಅಂದ್ರ ಇವತ್ತ.”

ಆಯಿ ಕಣ್ಣು ತೆರೆದಳು. “ಮುರಲ್ಯಾ, ಕೂಲರ್ ಯಾಕ ನಿಂತದ?”

“ಬೆಂಕಿ ಹತ್ತತಿತ್ತ, ಆಯಿ. ನಿನ್ನ ತಲೀ ಮ್ಯಾಲನ.”

“ಹೊರಗ ಹತ್ತ್ಯದಲ್ಲ, ಅದಕ್ಕೇನ್ ಮಾಡ್ತಿ?” ಎಂದು ಆಯಿ ಕಿಟಕಿಯತ್ತ ಕೈ ತೋರಿಸಿದಳು.

ಅವಳ ಮಾತೂ ಸುಳ್ಳಲ್ಲ. ನವತಪದ ನಾಲ್ಕನೆಯ ದಿನ. ಆ ಒಂಬತ್ತು ದಿನ ನಾಗಪುರದಲ್ಲಿ ಸೂರ್ಯ ಆಕಾಶದಲ್ಲಿರುವುದಿಲ್ಲ, ಮನೆಯ ಮಾಳಿಗೆಯ ಮೇಲೆ ಬಂದು ಕೂತಿರುತ್ತಾನೆ. ಬೆಳಿಗ್ಗೆ ಎಂಟಕ್ಕೇ ನಲ್ಲಿಯಲ್ಲಿ ಚಹಾದ ನೀರು ಬರುತ್ತದೆ. ಅವರಿರುವ ಮಹಾಲ್ ಬಡಾವಣೆಯ ಗಲ್ಲಿಗಳಲ್ಲಿ ಕೂಲರುಗಳ ಮೊರೆತ ಎಷ್ಟು ಅಭ್ಯಾಸವಾಗಿರುತ್ತದೆಂದರೆ, ಒಂದು ನಿಂತರೂ ಜನ ಎದ್ದು ಬರುತ್ತಾರೆ.

ಬಂದರು. ಮೊದಲು ನೆಲಮಹಡಿಯ ಶಕು ಕಾಕು, ಸೆರಗಿನ ತುದಿ ಬಾಯಿಗಿಟ್ಟುಕೊಂಡು.

“ಯಾವಾಗ ಹೋದ್ರು, ಕುಂದಾ?” ಎಂದು ಬಾಗಿಲಲ್ಲೇ ಗದ್ಗದರಾದರು.

“ಯಾರು, ಕಾಕು?”

“ಆಯಿ. ಅಲ್ಲಾ, ನಿಮ್ಮ ಮನೀ ಕೂಲರ್ ನಿಂತದಲ್ಲ...”

ಆಯಿಗೆ ಕಿವಿ ಮಂದ. ಆದರೆ ತನ್ನ ಸುದ್ದಿ ಮಾತ್ರ ಎಷ್ಟು ಮೆಲ್ಲಗೆ ಆಡಿದರೂ ಕೇಳುತ್ತಿತ್ತು. “ನಾ ಎಲ್ಲಿ ಹೋಗ್ಲೆವ್ವಾ? ಇಲ್ಲೇ ಇದ್ದೀನಿ. ಹೋದದ್ದು ಕೂಲರ್. ಮಗಾ ಕೊಂದಾನ.”

ಶಕು ಕಾಕುವಿನ ಹಿಂದೆ ಪಾಚಪೋರ ಕಾಕಾ ಇಳಿದು ಬಂದರು. ಸುಖನಿವಾಸದ ಸೆಕ್ರೆಟರಿ. ವಿದ್ಯುತ್ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ಬನಿಯನ್ನಿನ ಮೇಲೂ ಟೆಸ್ಟರ್ ಸಿಕ್ಕಿಸಿಕೊಳ್ಳುವ ಮನುಷ್ಯ. ಸಾಕೆಟ್ಟನ್ನು ವೈದ್ಯರಂತೆ ಬಗ್ಗಿ ನೋಡಿ, ಬೆರಳಿಂದ ಕುಟ್ಟಿ, “ಇದಕ್ಕ ಹೆದರಿದ್ರೇನ್ರಿ, ಢೋಬಳೆ ಭಾವು?” ಎಂದು ನಕ್ಕರು.

“ಕರ್ರಗಾಗ್ಯದಲ್ರಿ, ಕಾಕಾ.”

“ಬಣ್ಣ ಬದಲಾದ್ರ ಏನಾತು? ನನ್ನ ಕೂದಲಾ ಕರ್ರಗಿದ್ದದ್ದು ಬೆಳ್ಳಗಾಗ್ಯಾವ. ನಾ ಏನ್ ಹೊತ್ಕೊಂಡು ಉರದೇನು? ಒಂದೀಟು ಟೇಪ್ ಸುತ್ತಿ ಚಾಲೂ ಮಾಡ್ರಿ. ನಮ್ಮ ಮನ್ಯಾಗ ಒಂದ ಪಾಯಿಂಟಿಗೆ ಎರಡು ಕೂಲರ್, ಫ್ರಿಜ್, ಟಿವಿ, ಮ್ಯಾಲ ನಮ್ಮಾಕೀ ಹೊಲಿಗಿ ಮಶೀನು. ಏನಾಗ್ಯದ? ಇಲಾಖೆಯೊಳಗ ಮೂವತ್ನಾಲ್ಕು ವರ್ಷ ತಗದೀನಿ. ಕರೆಂಟಿಗೆ ನನ್ನ ಗುರುತದ.”

ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ನಕ್ಕರು. ಢೋಬಳೆಯವರ ಕಿವಿ ಸಾಕೆಟ್ಟಿನಷ್ಟೇ ಬಿಸಿಯಾಯಿತು.

“ನಿಮ್ಮ ಮನೀದೂ ಒಮ್ಮೆ ನೋಡಸ್ರಿ, ಕಾಕಾ. ಎಲ್ಲಾರೂ ನೋಡಸ್ರಿ. ನಾ ಅಂತೂ ಈಗ ವೈರ್‌ಮನ್ನ ಕರಕೊಂಡ ಬರ್ತೀನಿ,” ಎಂದು ತಲೆಗೆ ಬಿಳಿ ಪಂಚೆ ಸುತ್ತಿ, ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಂಡು ಹೊರಟೇಬಿಟ್ಟರು. ಬಿಸಿಲು ಬಡಿಯಬಾರದೆಂದು ಉಳ್ಳಾಗಡ್ಡಿ. ಪೋಹೆ ತಿನ್ನುವುದು ಮರೆತೇಹೋಗಿತ್ತು.

*

ಗುಲಾಬರಾವ್ ವೈರ್‌ಮನ್ ಮನೆ ಮೂರು ಗಲ್ಲಿ ಆಚೆ. ಢೋಬಳೆ ಹೋದಾಗ ಅವನು ಹೊರಕೋಣೆಯಲ್ಲಿ ಚಾಪೆಯ ಮೇಲೆ ಕೂಲರಿಗೆ ಬೆನ್ನು ಕೊಟ್ಟು ಮಲಗಿದ್ದ. ಆ ಕೂಲರಿನ ವೈರಿಗೆ ಪ್ಲಗ್ಗೇ ಇರಲಿಲ್ಲ. ಎರಡು ಬೋಳು ತಂತಿಗಳನ್ನು ನೇರ ಸಾಕೆಟ್ಟಿನ ತೂತಿಗೆ ತೂರಿಸಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದ. ಕಡ್ಡಿಯ ಮದ್ದು ಸಹಿತ ಹಾಗೇ ಇತ್ತು. ಢೋಬಳೆಗೆ ಅರೆಕ್ಷಣ ಬಂದ ದಾರಿಯಲ್ಲೇ ತಿರುಗಿ ಹೋಗೋಣ ಅನ್ನಿಸಿತು. ಆದರೆ ಮಹಾಲ್‌ನಲ್ಲಿ ಇದ್ದ ಒಳ್ಳೆಯ ವೈರ್‌ಮನ್ ಅಂದರೆ ಅವನೇ.

“ಇವತ್ತಾಗಂಗಿಲ್ಲ, ಭಾವು,” ಎಂದ ಗುಲಾಬರಾವ್, ಕಣ್ಣು ತೆರೆಯದೆ. “ನವತಪದಾಗ ದೇವ್ರು ಸಿಕ್ಕಾನು, ವೈರ್‌ಮನ್ ಸಿಗಂಗಿಲ್ಲ. ಮೂವತ್ತು ಮನಿ ಮುಂದ ಕಾಯ್ಲಿಕ್ಕೆ ಹತ್ತ್ಯಾವ. ಅದರಾಗ ಮಗಳ ಲಗ್ನ ಬ್ಯಾರೆ.”

“ನಮ್ಮ ಆಯಿ ತಲೀ ಮ್ಯಾಲ ಸಾಕೆಟ್ಟು ಸುಟ್ಟದ.”

“ಮಂಚಾ ಸರಸ್ರಿ.”

“ಹಂಗಾದ್ರ ನೀ ಏಳೋ ತನಕ ನಾ ಇಲ್ಲೇ ಕೂಡ್ತೀನಿ,” ಎಂದು ಢೋಬಳೆ ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಕೂತರು. ಕೂತಷ್ಟೇ ವೇಗದಲ್ಲಿ ಎದ್ದರು. ಕಲ್ಲು ಕಾವಲಿಯಾಗಿತ್ತು. ಕೈಯಲ್ಲಿದ್ದ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ ಮತ್ತೆ ಕೂತರು. ಹತ್ತು ನಿಮಿಷ ಕಳೆಯಿತು. ಇಪ್ಪತ್ತು ಕಳೆಯಿತು. ಗುಲಾಬರಾವ್‌ನ ಹೆಂಡತಿಗೇ ಕನಿಕರವಾಗಿ ಒಳಗೆ ಕರೆದು ಮಾವಿನಕಾಯಿ ಪನ್ಹೆ ಕೊಟ್ಟಳು.

ಪನ್ಹೆ ಕುಡಿಯುತ್ತಿದ್ದ ಢೋಬಳೆಯವರ ಕಣ್ಣು ಮೇಜಿನ ಮೇಲಿದ್ದ ಒಂದು ಹಳದಿ ಕಾಗದಕ್ಕೆ ಹೋಯಿತು. ಅಚ್ಚಿನ ಕರಡು. ಮೂಲೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಕಣ್ಣು ಅದರ ಮೇಲೆ ಹೋದದ್ದೊಂದೇ, ಮುಂದಿನದೆಲ್ಲ ತಾನಾಗಿ ನಡೆಯಿತು.

“ಗುಲಾಬರಾವ್, ಮಗಳ ಲಗ್ನ ಯಾವಾಗ?”

“ಅದರಾಗ ಅದ ನೋಡ್ರಿ. ನಾಳೆ ಮುಂಜಾನೆ ಅಚ್ಚಿಗೆ ಹೋಗ್ತದ.”

“ಇದರಾಗ ಜೂನ್ ಮೂವತ್ತೊಂದು ಅಂತದ.”

“ಹೌದಲ್ಲ.”

“ಜೂನ್ ತಿಂಗಳಿಗೆ ಮೂವತ್ತ ದಿನ.”

ಗುಲಾಬರಾವ್ ಒಂದು ಕಣ್ಣು ತೆರೆದ. ಬೆರಳ ಗೆಣ್ಣು ಎಣಿಸಿದ. ಎರಡನೆಯ ಕಣ್ಣೂ ತೆರೆಯಿತು.

“ಇನ್ನೊಂದು,” ಎಂದರು ಢೋಬಳೆ, ಬೆರಳು ಕೆಳಗಿಳಿಸುತ್ತ. “ಬೀಗರು ಯಾವಾಗ ತೀರಿಕೊಂಡ್ರು?”

“ಏ, ಏನಂತೀರಿ! ನಿನ್ನೆ ಇಲ್ಲೇ ಕೂತು ಎರಡು ಪ್ಲೇಟ್ ಸಾವಜಿ ಮಟನ್ ಹೊಡದು ಹೋಗ್ಯಾರ!”

“ಇಲ್ಲಿ ಅವರ ಹೆಸರಿನ ಮುಂದ ‘ಶ್ರೀ’ ಅಂತಿಲ್ಲ. ‘ಕೈಲಾಸವಾಸಿ’ ಅಂತದ.”

ಗುಲಾಬರಾವ್ ಕರೆಂಟು ಹೊಡೆದವನಂತೆ ಚಾಪೆಯಿಂದ ಎದ್ದು ನಿಂತ. ಅವನ ಹೆಂಡತಿ ಎದೆ ಹಿಡಿದುಕೊಂಡು ಗೋಡೆಗೊರಗಿದಳು. ಇಂಥ ಐನೂರು ಕಾರ್ಡು ಊರಿಗೆ ಹಂಚಿದ್ದರೆ ಮದುವೆ ಮೂವತ್ತೊಂದಕ್ಕಲ್ಲ, ಯಾವ ತಾರೀಖಿಗೂ ಆಗುತ್ತಿರಲಿಲ್ಲ. ಪುರೋಹಿತರು ಬರೆದುಕೊಟ್ಟ ಚೀಟಿ ಹುಡುಕಿ ತೆಗೆದು ನೋಡಿದರೆ ಇಪ್ಪತ್ತೊಂದು. ಢೋಬಳೆ ಕಿಸೆಯಿಂದ ಕೆಂಪು ಪೆನ್ನು ತೆಗೆದು ಒಟ್ಟು ಒಂಬತ್ತು ತಪ್ಪು ತಿದ್ದಿದರು.

“ಸಂಜೀ ಆರರೊಳಗ ಅಚ್ಚಿನವನ ಮನೀಗೆ ನಾನ ಹೋಗಿ ಮುಟ್ಟಸ್ತೀನಿ. ಎದುರಿಗೆ ಕೂತು ಸರಿ ಮಾಡಸ್ತೀನಿ,” ಎಂದರು. “ಈಗ ಸಾಕೆಟ್ಟು.”

ಗುಲಾಬರಾವ್ ಆಗಲೇ ಚಪ್ಪಲಿ ಮೆಟ್ಟಿದ್ದ. “ನಿಮ್ಮ ಮನೀಗೆ ಹೊಸಾ ಮೇನ್ ಲೈನ್ ಎಳೀತೀನಿ, ಭಾವು. ಅರಮನಿಗೆ ಎಳದಂಗ ಎಳೀತೀನಿ!”

ಢೋಬಳೆ ಎದ್ದವರು ಬಾಗಿಲಲ್ಲಿ ನಿಂತರು. “ಮೊದಲ ಆ ಬೆಂಕಿಕಡ್ಡಿ ತಗಿ.”

*

ಮೀಟರಿನ ಹತ್ತಿರ ಫ್ಯೂಸ್ ಕಿತ್ತು ನೋಡಿದ ಗುಲಾಬರಾವ್ ಹಣೆ ಬಡಿದುಕೊಂಡ. “ಇದೇನ್ ಫ್ಯೂಸಾ ಎಮ್ಮೀ ಕಟ್ಟೋ ಸರಪಳೀನಾ? ಮನಿ ಸುಟ್ಟ ಬೂದಿ ಆಗಿದ್ರೂ ಇದು ಹೋಗತಿರಲಿಲ್ಲ. ಯಾವ ಪುಣ್ಯಾತ್ಮ ಸುತ್ತಿದ್ದು?”

ಪುಣ್ಯಾತ್ಮರು ಮೆಟ್ಟಿಲ ಮೇಲೇ ನಿಂತು ಟೆಸ್ಟರಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. “ಈಗಿನ ಹುಡುಗರಿಗೆ ಗಟ್ಟಿ ಕೆಲಸದ ಬೆಲಿ ಗೊತ್ತಿಲ್ಲ,” ಎಂದು ಗಾಳಿಗೆ ಹೇಳಿದರು.

ಮೀಟರಿನಿಂದ ಹಾಲ್‌ವರೆಗೆ ದಪ್ಪ ವೈರು, ಹೊರೆ ಹೆಚ್ಚಾದರೆ ತಾನೇ ಬೀಳುವ ಹೊಸ ಸ್ವಿಚ್ಚು, ಗೋಡೆಗೆ ಹೊಸ ಬೋರ್ಡು. “ಎಷ್ಟು ತೂತು ಬೇಕು?” ಎಂದು ಗುಲಾಬರಾವ್ ಕೇಳಿದಾಗ ಢೋಬಳೆ ಬೆರಳು ಮಡಚಿ ಎಣಿಸಿದರು: ಕೂಲರು, ಫ್ರಿಜ್ಜು, ಟಿವಿ, ಮಿಕ್ಸರು, ಚಾರ್ಜರು. “ಐದು. ಎಲ್ಲಾ ದೊಡ್ಡ ಪಿನ್ನಿನವು. ಒಂದು ತೂತಿಗೆ ಒಂದ ಸಾಮಾನು.”

ಗೋಡೆ ಒಡೆಯಲು ಶುರುವಾಯಿತು. ಹಳೆಯ ಗಾರೆ ಹಪ್ಪಳ ಹಪ್ಪಳವಾಗಿ ಉದುರಿತು. ಟಿವಿಯ ಮೇಲೆ, ಮಂಚದ ಮೇಲೆ, ಕುಂದಾ ಮುಚ್ಚಿಟ್ಟ ಪೋಹೆಯ ಮೇಲೆ ಬಿತ್ತು. ಆಯಿ ಕೆಮ್ಮಿ, ಬೆವರಿ, ಕೊನೆಗೆ ಕೋಲು ಹಿಡಿದು ಎದ್ದು ನಿಂತಳು.

“ನಾ ಪಾಚಪೋರನ ಮನೀಗೆ ಹೋಗ್ತೀನಿ. ಅಲ್ಲಿ ಎರಡು ಕೂಲರ್ ಅವ.”

“ಬ್ಯಾಡ ಆಯಿ! ಅವರ ಸಾಕೆಟ್ಟು ನಮ್ಮದಕ್ಕಿಂತ...”

“ಏನಂದಿ? ಕೇಳಂಗಿಲ್ಲ,” ಎಂದ ಆಯಿ ಅಷ್ಟರಲ್ಲಿ ಎರಡು ಮೆಟ್ಟಿಲು ಹತ್ತಿಯಾಗಿತ್ತು.

ಪಾಚಪೋರ ಕಾಕಾ ಗೆದ್ದ ಸೇನಾಪತಿಯಂತೆ ಆಯಿಯ ಕೈ ಹಿಡಿದು ಕರೆದೊಯ್ದರು. ಅವರ ಮನೆಯಲ್ಲಿ ಆ ಹೊತ್ತು ಕಟ್ಟಡದ ಹೆಂಗಸರೆಲ್ಲ ಕೂಡಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಶಕು ಕಾಕುವಿನ ವರ್ಷದ ಉಪ್ಪಿನಕಾಯಿ ಅಂದರೆ ಸಣ್ಣ ಮದುವೆಯಷ್ಟು ಸಂಭ್ರಮ. ಎರಡು ಕೂಲರಿನ ಮನೆ ಬಿಟ್ಟು ಅದು ಬೇರೆಲ್ಲಿ ನಡೆದೀತು? ಕುಂದಾ ಕೂಡ ಈಳಿಗೆ ತೆಗೆದುಕೊಂಡು ಹೋದಳು.

ಕೆಳಗೆ ಢೋಬಳೆಯವರಿಗೆ ಜೀವಕ್ಕೆ ನೆಮ್ಮದಿ ಇಲ್ಲ. ಮೂರು ಸಲ ಮೇಲೆ ಹೋಗಿ, “ಆಯಿ, ಕೆಳಗ ಬಾ” ಎಂದರು. ಮೂರು ಸಲವೂ ಹೆಂಗಸರು ನಕ್ಕು ಕಳಿಸಿದರು.

“ಭಾವೂಗ ತೂತು ಕಂಡ್ರ ಹೆದರಿಕಿ,” ಎಂದರು ಶಕು ಕಾಕು. “ಬಟನ್ ಹೋಲ್ ಇದ್ದ ಅಂಗೀನಾದ್ರೂ ಹಾಕೋತಾರಿಲ್ಲೋ, ಕುಂದಾ?”

ನಾಲ್ಕನೆಯ ಸಲ ಅವರು ಹೋಗಬೇಕಾಗಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಮೇಲಿನಿಂದ ಚಟ್, ಚಟ್, ಚಟ್ ಎಂದು ಸದ್ದಾಯಿತು. ಆಮೇಲೆ ಏಳೆಂಟು ಹೆಂಗಸರು ಒಂದೇ ಶ್ರುತಿಯಲ್ಲಿ ಕಿರುಚಿದರು.

ಢೋಬಳೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದರು. ಪಾಚಪೋರರ ಗೋಡೆಯ ಸಾಕೆಟ್ಟಿನಿಂದ ಬೆಂಕಿ ಪಟಾಕಿಯಂತೆ ಚಿಮ್ಮುತ್ತಿತ್ತು. ಕಿಟಕಿಯ ಪರದೆ ಅಂಚಿಗೆ ಹತ್ತಿಕೊಂಡು ಉರಿ ಮೇಲೇರುತ್ತಿತ್ತು. ಅದರ ಕೆಳಗೆ, ದಿವಾನದ ಮೇಲೆ, ಆಯಿ ಗೊರಕೆ ಹೊಡೆಯುತ್ತಿದ್ದಳು. ಪಾಚಪೋರ ಕಾಕಾ ನೀರಿನ ಬಕೆಟ್ಟು ಎತ್ತಿ ಹಿಡಿದು ಎಸೆಯಲು ನಿಂತಿದ್ದರು.

“ನೀರ ಹಾಕಬ್ಯಾಡ್ರಿ!” ಢೋಬಳೆ ಅರಚಿದರು. “ಕರೆಂಟ್ ಅದ! ಎಲ್ಲಾರೂ ಸಾಯ್ತೀರಿ! ಮೇನ್ ಬಂದ್ ಮಾಡ್ರಿ, ಕಾಕಾ!”

“ಮೇನಾ?” ಎಂದರು ಕಾಕಾ. ಬಕೆಟ್ಟು ತುಳುಕಿತು. “ಮೇನ್... ಎಲ್ಲದರೀ ಅದು?”

“ನೀವು ಇಲಾಖೆಯವರಲ್ಲೇನ್ರಿ!”

“ನಾ ಟಪಾಲ ವಿಭಾಗದಾಗ ಇದ್ದೆ, ಭಾವು! ಬಂದ ಪತ್ರಕ್ಕ ಸಿಕ್ಕಾ ಹೊಡೀತಿದ್ದೆ! ಮೂವತ್ನಾಲ್ಕು ವರ್ಷ ಸಿಕ್ಕಾ ಹೊಡದೀನ್ರೀ!”

ಕೇಳಿ ಬೆರಗಾಗಲು ಹೊತ್ತಿರಲಿಲ್ಲ. ಢೋಬಳೆ ಆಯಿಯ ದಿವಾನವನ್ನು ಎರಡೂ ಕೈಯಿಂದ ಬಾಗಿಲ ಕಡೆಗೆ ಎಳೆದು, ಬಂದ ದಾರಿಯಲ್ಲೇ ಕೆಳಗೋಡಿದರು. ಕುಂದಾ ಬುದ್ಧಿವಂತೆ, ಕಾಕಾನ ಕೈಯಿಂದ ಬಕೆಟ್ಟು ಕಸಿದು ಮೆಟ್ಟಿಲ ಮೇಲೆ ಚೆಲ್ಲಿಬಿಟ್ಟಳು. ಗಂಡ ಅದೇ ಮೆಟ್ಟಿಲ ಮೇಲಿದ್ದಾನೆ ಎನ್ನುವುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಕೊನೆಯ ಎಂಟು ಮೆಟ್ಟಿಲನ್ನು ಢೋಬಳೆ ಕೂತುಕೊಂಡೇ ಇಳಿದರು. ಚಷ್ಮಾ ಎತ್ತಲೋ ಹಾರಿತು. ಯಾವ ಮೀಟರು ಯಾರದೆಂದು ಕಾಣಿಸಲಿಲ್ಲ. ಕೈಗೆ ಸಿಕ್ಕ ಆರೂ ಮೇನ್ ಸ್ವಿಚ್ಚುಗಳನ್ನು ಎಳೆದುಹಾಕಿ, ಕುಂಟುತ್ತ ಮತ್ತೆ ಹತ್ತಿದರು.

ಪರದೆಯನ್ನು ಆಯಿಯ ಕೋಲಿನಿಂದ ಕೆಳಗೆಡವಿ ತುಳಿದರು. ಸಾಕೆಟ್ಟು ಇನ್ನೂ ಉರಿಯುತ್ತಿತ್ತು. ಮಂಜು ಮಂಜಾದ ಕಣ್ಣಿಗೆ ಮುಂದೆ ಎರಡು ದೊಡ್ಡ ಪರಾತಗಳು, ಅಗಲ ತಟ್ಟೆಗಳು, ಕಂಡವು. ಒಂದಕ್ಕೆ ಕೈ ಹಾಕಿದರು.

“ಅದು ಖಾರದ ಪುಡಿ!” ಶಕು ಕಾಕು ಚೀರಿದರು. “ಊರ ಬಿಟ್ಟು ಓಡಬೇಕಾಗ್ತದ! ಆ ಕಡೀದು, ಆ ಕಡೀದು ಉಪ್ಪು!”

ಢೋಬಳೆ ಉಪ್ಪು ಎತ್ತಿ ಎತ್ತಿ ಹೊಡೆದರು. ವರ್ಷದ ಉಪ್ಪಿನಕಾಯಿಯ ಅಷ್ಟೂ ಉಪ್ಪು ಗೋಡೆಗೆ ಬಿತ್ತು. ಉರಿ ಬಗ್ಗಿತು, ಹೊಗೆಯಾಯಿತು, ಸತ್ತಿತು. ಮನೆಯೆಲ್ಲ ನಿಶ್ಶಬ್ದವಾಯಿತು. ಕೂಲರುಗಳು ನಿಂತ ಆ ನಿಶ್ಶಬ್ದಕ್ಕೆ ಆಯಿಗೆ ಎಚ್ಚರವಾಯಿತು. ಹಣೆಯ ಮೇಲಿನ ಉಪ್ಪು ಒರೆಸಿಕೊಂಡು ಮಗನನ್ನು ನೋಡಿದಳು.

“ಮುರಲ್ಯಾ! ಇಲ್ಲೂ ಬಂದು ಬಂದ್ ಮಾಡಿದಿ?”

ಯಾರೂ ನಗಲಿಲ್ಲ. ಪಾಚಪೋರ ಕಾಕಾ ಗೋಡೆಯ ಕಪ್ಪು ಮಸಿಯನ್ನೂ, ಮೊದಲು ದಿವಾನವಿದ್ದ ಜಾಗವನ್ನೂ ನೋಡಿದರು. ಆಮೇಲೆ ಬನಿಯನ್ನಿನಿಂದ ಟೆಸ್ಟರ್ ತೆಗೆದು ಢೋಬಳೆಯವರ ಕೈಗಿಟ್ಟು, ಮೂಲೆಯಲ್ಲಿ ಕೂತರು. ಢೋಬಳೆ ಅದನ್ನು ಬದಿಗಿಟ್ಟರು. ಆಯಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡರು. ಅವಳು ಅದನ್ನು ಕ್ಷಮಾಪಣೆ ಎಂದು ತಿಳಿದು, “ಇರ್ಲಿ ಬಿಡು” ಎಂದಳು.

*

ಸ್ವಲ್ಪ ಸುಧಾರಿಸಿಕೊಂಡದ್ದೇ ಢೋಬಳೆ ಎದ್ದರು. ಕಾದ ಕಬ್ಬಿಣ ಬಡಿಯುವ ಹೊತ್ತು ಇದೇ ಎಂದು ಅವರಿಗೆ ಅನ್ನಿಸಿತು. ಕುಂದಾ ಹುಡುಕಿ ಕೊಟ್ಟ ಚಷ್ಮಾ ಒಂದು ಕಡ್ಡಿ ಮುರಿದಿತ್ತು. ಅದಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡು, ಒಂದು ಕೈಯಲ್ಲಿ ತಮ್ಮ ಸುಟ್ಟ ಸಾಕೆಟ್ಟು, ಇನ್ನೊಂದು ಕೈಯಲ್ಲಿ ಪಾಚಪೋರರ ಸುಟ್ಟ ಸಾಕೆಟ್ಟು ಹಿಡಿದು, ಗುಲಾಬರಾವ್‌ನನ್ನು ಹಿಂದೆ ಕಟ್ಟಿಕೊಂಡು ಉಳಿದ ಐದೂ ಮನೆ ಹತ್ತಿ ಇಳಿದರು.

ಶಕು ಕಾಕುವಿನ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಕರಿ ಸಾಕೆಟ್ಟು. ಇನ್ನೊಂದು ಮನೆಯಲ್ಲಿ ದೇವರ ಫೋಟೋದ ಹಿಂದೆ. ಮತ್ತೊಂದರಲ್ಲಿ ಸಾಕೆಟ್ಟಿನ ಬಾಯಿ ಸಡಿಲಾಗಿ, ಪ್ಲಗ್ಗು ಬೀಳದಿರಲೆಂದು ಇಟ್ಟಿಗೆ ಒತ್ತು ಕೊಟ್ಟಿದ್ದರು. ಪ್ರತಿ ಮನೆಯಲ್ಲೂ ಗುಲಾಬರಾವ್ ಮುಟ್ಟಿ ನೋಡಿ ತಲೆಯಾಡಿಸಿದ.

“ಎಲ್ಲಾ ಬದಲಾಗಬೇಕು. ಒಂದೂ ಹಚ್ಚೂ ಹಂಗಿಲ್ಲ. ಮಗಳ ಲಗ್ನ ಮುಗಿಸಿ ಬಂದು ಒಂದೊಂದ ಮಾಡಿಕೊಡ್ತೀನಿ.”

“ಅಲ್ಲೀತನಕ?” ಎಂದು ಒಬ್ಬರು ಅಳುದನಿಯಲ್ಲಿ ಕೇಳಿದರು.

“ಅಲ್ಲೀತನಕ ಕೂಲರ್, ಫ್ರಿಜ್, ಏನೂ ಹಚ್ಚಬ್ಯಾಡ್ರಿ,” ಎಂದರು ಢೋಬಳೆ. “ದೀಪಾ ಹಚ್ಚರಿ, ಫ್ಯಾನ್ ಹಚ್ಚರಿ, ಅದರ ಲೈನ್ ಬ್ಯಾರೆ ಅದ, ಗುಲಾಬರಾವ್ ನೋಡ್ಯಾನ. ಆದ್ರ ಈ ಸಾಕೆಟ್ಟಿಗೆ ಏನರೆ ಚುಚ್ಚಿದ್ರ ಮೊದಲ ನನ್ನ ಹೆಣಾ ದಾಟಿ ಚುಚ್ಚಬೇಕು. ಗಟ್ಟಿ ಸಾಕೆಟ್ಟು, ದಪ್ಪ ವೈರು. ಒಂದು ತೂತಿಗೆ ಒಂದ ಸಾಮಾನು. ಅಡಾಪ್ಟರ್ ಬ್ಯಾಡ, ಎಕ್ಸ್‌ಟೆನ್ಶನ್ ಎಳದಾಡೋದು ಬ್ಯಾಡ. ಹೇಳ್ರಿ ನೋಡೋಣ?”

“ಒಂದು ತೂತಿಗೆ ಒಂದ ಸಾಮಾನು,” ಎಂದು ಎಲ್ಲರೂ ಶಾಲೆಯ ಮಕ್ಕಳ ಹಾಗೆ ಹೇಳಿದರು. ಪಾಚಪೋರ ಕಾಕಾ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದರು. ಬೆಳಿಗ್ಗೆ ನಕ್ಕವರು ಈಗ ಪ್ರತಿ ಮಾತಿಗೂ ಹೌದು ಹೌದು ಎನ್ನುತ್ತಿದ್ದರು. ಕರಡು ತಿದ್ದುವವನ ಮಾತನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಕೇಳಿದ್ದು ಢೋಬಳೆಯವರ ನೆನಪಿನಲ್ಲೇ ಇರಲಿಲ್ಲ. ಕಣ್ಣು ತೇವವಾಯಿತು. ಮೆಣಸಿನ ಪುಡಿಯ ಕೈ ತಾಗಿ ಇನ್ನಷ್ಟು ತೇವವಾಯಿತು.

ಐದು ಗಂಟೆಗೆ ಹೊಸ ಬೋರ್ಡು ಗೋಡೆಗೆ ಕೂತಿತು. ಬೆಳ್ಳಗೆ, ಹೊಳಪಾಗಿ, ಐದು ತೂತು ಸಾಲಾಗಿ. ಗುಲಾಬರಾವ್ ಒಂದೊಂದನ್ನೂ ಪರೀಕ್ಷಿಸಿ ತೋರಿಸಿದ. ಢೋಬಳೆಯವರಿಗೆ ಒಂದೂ ತಪ್ಪಿಲ್ಲದ ಪುಟ ನೋಡಿದಷ್ಟು ಸಂತೋಷವಾಯಿತು. ತಾವೇ ಮೊದಲು ಕೂಲರಿನ ಪ್ಲಗ್ಗು ಚುಚ್ಚಬೇಕೆಂದು ಕೈ ಚಾಚಿದವರು ಗಡಿಯಾರ ನೋಡಿ ಬೆಚ್ಚಿದರು. ಅಚ್ಚಿನವನಿಗೆ ಕೊಟ್ಟ ಮಾತು! ಆರು ದಾಟಿದರೆ ಗುಲಾಬರಾವ್‌ನ ಬೀಗರು ಕೈಲಾಸಕ್ಕೆ ಹೋಗಿಬಿಡುತ್ತಾರೆ.

“ಬಂದು ಹಚ್ತೀನಿ, ಕುಂದಾ,” ಎಂದು ಕರಡು ಹಿಡಿದು ಓಡಿದರು.

ಅಚ್ಚಿನವನ ಎದುರು ಕೂತು, ಒಂಬತ್ತು ತಪ್ಪು ಸರಿಪಡಿಸಿ, ಅವನು ಹೊಸದಾಗಿ ಮಾಡಿದ ಎರಡನ್ನೂ ತಿದ್ದಿಸಿ ಹೊರಬಂದಾಗ ಏಳಾಗಿತ್ತು. ಬೆನ್ನು ನೋಯುತ್ತಿತ್ತು, ಅಂಗಾಲು ಉರಿಯುತ್ತಿತ್ತು, ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಪನ್ಹೆ. ಆದರೂ ಢೋಬಳೆ ನಗುತ್ತ ನಡೆದರು. ಈಗ ಮನೆಗೆ ಹೋಗಿ ತಣ್ಣೀರು ಸುರಿದುಕೊಂಡು, ಕೂಲರ್ ಹಚ್ಚಿ, ಅದರ ಮುಂದೆ ಕೈಕಾಲು ಚಾಚಿ ಮಲಗಬೇಕು. ಫ್ರಿಜ್ಜಿನಿಂದ ತಣ್ಣನೆಯ ಕಲ್ಲಂಗಡಿ. ಯಾರೂ ಏಳಿಸಬಾರದು.

ಗಲ್ಲಿಯ ತಿರುವಿನಲ್ಲೇ ಮೊರೆತ ಕೇಳಿಸಿತು. ಸುಖನಿವಾಸದ ಐದು ಮನೆಗಳ ಕಿಟಕಿ ಕತ್ತಲಾಗಿ, ಮೌನವಾಗಿದ್ದವು. ಮೊರೆತ ಬರುತ್ತಿದ್ದದ್ದು ಮೊದಲ ಮಹಡಿಯಿಂದ, ತಮ್ಮ ಮನೆಯಿಂದ. ಒಂದು ಕೂಲರಿನ ಮೊರೆತವಲ್ಲ ಅದು. ರೈಲು ಬಂದು ನಿಂತಂತಿತ್ತು.

ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗೆ ಹದಿನೇಳು ಜೊತೆ ಚಪ್ಪಲಿ.

ಹಾಲ್‌ನಲ್ಲಿ ಐದು ಕೂಲರು ಐದು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಪಾಚಪೋರರದು, ಶಕು ಕಾಕುವಿನದು, ಇನ್ನುಳಿದ ಮೂರು ಮನೆಯವರದು. ಐದು ವೈರು ಐದು ತೂತಿಗೆ. ನೆಲದ ತುಂಬ ಚಾಪೆ, ಹಾಸಿಗೆ, ಮಂದಿ. ಕಟ್ಟಡದ ಉಪ್ಪಿನಕಾಯಿಯೂ ಹೊಸ ಉಪ್ಪಿನೊಡನೆ ಇಲ್ಲೇ ಬಂದು ಕೂತಿತ್ತು. ನಟ್ಟನಡುವೆ ಮಂಚದ ಮೇಲೆ ಆಯಿ, ಐದೂ ಕಡೆಯ ಗಾಳಿಗೆ ಸೀರೆ ಹಾರಿಸುತ್ತ, ಸ್ವರ್ಗಕ್ಕೆ ಹೋಗಿಬಂದವಳ ಮುಖ ಮಾಡಿಕೊಂಡಿದ್ದಳು.

“ಇಷ್ಟ ದಿವಸ ಯಾಕ ಮಾಡಿಸಿರಲಿಲ್ಲೋ, ಮುರಲ್ಯಾ?” ಎಂದಳು.

ಢೋಬಳೆಯವರ ಕೂಲರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು, ಶಿಕ್ಷೆಗೊಳಗಾದ ಹುಡುಗನ ಹಾಗೆ. ಫ್ರಿಜ್ಜಿನ ಬಾಗಿಲಡಿಯಿಂದ ನೀರು ಹರಿಯುತ್ತಿತ್ತು. ಕಲ್ಲಂಗಡಿಯ ಸಿಪ್ಪೆ ಒಂದು ಬುಟ್ಟಿಯಲ್ಲಿತ್ತು.

“ಕುಂದಾ, ಏನಿದು?” ಎಂದರು ಢೋಬಳೆ.

“ನಾ ಏನ್ ಮಾಡ್ಲಿ? ನೀವ ಹೇಳಿ ಬಂದೀರಂತ. ಸುಟ್ಟ ಸಾಕೆಟ್ಟಿಗೆ ಚುಚ್ಚಬ್ಯಾಡ್ರಿ, ಗಟ್ಟಿ ಸಾಕೆಟ್ಟಿಗೆ ಚುಚ್ಚರಿ ಅಂತ. ಕಟ್ಟಡದಾಗ ಗಟ್ಟಿ ಸಾಕೆಟ್ಟು ಇರೋದು ನಮ್ಮನ್ಯಾಗಷ್ಟ.”

“ಎಕ್ಸ್‌ಟೆನ್ಶನ್ ಎಳೀಬ್ಯಾಡ್ರಿ ಅಂದ್ರಿ, ಅದಕ್ಕ ನಾವು ಎಳೀಲಿಲ್ಲ. ಕೂಲರನ್ನ ಹೊತ್ತು ತಂದ್ವಿ,” ಎಂದರು ಶಕು ಕಾಕು, ಹೆಮ್ಮೆಯಿಂದ. “ಗುಲಾಬರಾವ್ ಬರೋ ತನಕ ಇಲ್ಲೇ ಇರ್ತೀವಿ. ಮಗಳ ಲಗ್ನ ಮುಗಿಸಿ ಬರ್ತಾನಂತ.”

ಢೋಬಳೆ ಮುರಿದ ಚಷ್ಮಾ ಸರಿಪಡಿಸಿಕೊಂಡು ಬೋರ್ಡಿನ ಮುಂದೆ ಬಗ್ಗಿದರು. ವೈರು ದಪ್ಪ. ಪ್ಲಗ್ಗು ಬಿಗಿ. ಅಡಾಪ್ಟರ್ ಒಂದೂ ಇಲ್ಲ. ಮುಟ್ಟಿ ನೋಡಿದರು, ಬಿಸಿಯೂ ಇಲ್ಲ. ಬದುಕೆಲ್ಲ ತಪ್ಪು ಹುಡುಕಿ ಹೊಟ್ಟೆ ಹೊರೆದ ಮನುಷ್ಯನಿಗೆ ಎಷ್ಟು ನೋಡಿದರೂ ಒಂದು ತಪ್ಪು ಸಿಗಲಿಲ್ಲ.

ಮೆಲ್ಲಗೆ ತಮ್ಮ ಕೂಲರಿನ ಪ್ಲಗ್ಗು ಕೈಗೆತ್ತಿಕೊಂಡು, ಅಡುಗೆಮನೆಯಲ್ಲಿ ಹಳೆಯ ಅಡಾಪ್ಟರೇನಾದರೂ ಉಳಿದಿದೆಯೋ ಎಂದು ಕಣ್ಣಿನಲ್ಲೇ ಹುಡುಕಿದರು. ಹದಿನೇಳು ಮಂದಿ ಒಮ್ಮೆಲೆ ಎದ್ದು ಕೂತರು.

“ಒಂದು ತೂತಿಗೆ ಒಂದ ಸಾಮಾನು!”

ಪ್ಲಗ್ಗು ಕೈಯಿಂದ ಜಾರಿತು. ಢೋಬಳೆ ಹೊರಗೆ ಬಂದು, ಚಪ್ಪಲಿಗಳನ್ನು ಬದಿಗೆ ಸರಿಸಿ, ಇನ್ನೂ ಕಾದೇ ಇದ್ದ ಮೆಟ್ಟಿಲ ಮೇಲೆ ಕೂತರು. ಪಂಚೆಯ ತುದಿಯಿಂದ ಗಾಳಿ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಪಾಚಪೋರ ಕಾಕಾ ಕಾಣಿಸಿಕೊಂಡರು. ಕೂಲರಿನ ಗಾಳಿಗೆ ಕೂದಲು ಚೆದುರಿ, ಮುಖ ತಂಪಾಗಿ ಅರಳಿತ್ತು. ಢೋಬಳೆಯವರ ಹೆಗಲ ಮೇಲೆ ಕೈಯಿಟ್ಟು ಬಹಳ ಅಂತಃಕರಣದಿಂದ ಹೇಳಿದರು:

“ಹೊರಗ ಯಾಕ ಕೂತೀರಿ, ಭಾವು? ಒಳಗ ಬರ್ರಿ. ಸಂಕೋಚ ಮಾಡ್ಕೋಬ್ಯಾಡ್ರಿ, ನಿಮ್ಮ ಮನೀನ ಅಂತ ತಿಳ್ಕೋರಿ.”